ಪೂರ್ವಕಥೆಯೋ, ಉತ್ತರಕಥೆಯೋ: ತೂಬು ಮುಚ್ಚಿದ ರಾಣಿಯ ನಾಡಿಗೆ ಎರಡನೆಯ ಆಟ

ಪ್ರಶ್ನೆ: ನಮ್ಮದು ಐದು ಜನರ ಚಿಕ್ಕ ತಂಡ. ಮೂರು ವರ್ಷಗಳ ಹಿಂದೆ ಕಂಪ್ಯೂಟರಿಗಾಗಿ ಒಂದು ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ ಹೊರತಂದೆವು. ಆ ನಾಡಿನಲ್ಲಿ ಇನ್ನೂರು ವರ್ಷಗಳ ಹಿಂದೆ ರಾಣಿಯೊಬ್ಬಳು ಮಂತ್ರಬಲದಿಂದ ಮಹಾಕೆರೆಯ ತೂಬನ್ನು ಮುಚ್ಚಿಸಿದ್ದಾಳೆ. ಅಂದಿನಿಂದ ಕೆಳಗಿನ ಬಯಲು ಒಣಗಿದೆ. ಆಟದ ಕೊನೆಯಲ್ಲಿ ಆಟಗಾರರು ತೂಬನ್ನು ತೆರೆಯಬಹುದು, ಮುಚ್ಚಿಯೇ ಇರಲೆಂದು ಬಿಡಬಹುದು, ಇಲ್ಲವೇ ಏರಿಯನ್ನೇ ಒಡೆಯಬಹುದು. ರಾಣಿ ಹಾಗೇಕೆ ಮಾಡಿದಳು ಎಂಬುದನ್ನು ಆಟ ಹೇಳುವುದಿಲ್ಲ. ಶತ್ರುಸೈನ್ಯಕ್ಕೆ ಹೆದರಿ ಎನ್ನುವವರಿದ್ದಾರೆ, ನೀರಿನಲ್ಲಿ ಹರಡುತ್ತಿದ್ದ ರೋಗವನ್ನು ತಡೆಯಲೆಂದು ಎನ್ನುವವರಿದ್ದಾರೆ, ಬಯಲಿನವರ ಮೇಲಿನ ಹಗೆಗಾಗಿ ಎನ್ನುವವರೂ ಇದ್ದಾರೆ. ಆಟಗಾರರಿಂದ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಈ ರಾಣಿಯನ್ನೇ ಕುರಿತವು. ಈಗ ಎರಡನೆಯ ಆಟಕ್ಕೆ ಕೈಹಾಕಿದ್ದೇವೆ. ನಮ್ಮಲ್ಲಿ ಮೂವರಿಗೆ ಕಥೆ ಹತ್ತು ವರ್ಷ ಮುಂದಕ್ಕೆ ಸಾಗಬೇಕೆಂಬ ಆಸೆ. ಇಬ್ಬರಿಗೆ ರಾಣಿಯ ಕಾಲಕ್ಕೆ ಹೋಗಿ ಆಟಗಾರರನ್ನೇ ರಾಣಿಯಾಗಿಸಬೇಕೆಂಬ ಆಸೆ. ಯಾವುದು ಸರಿ?

ಉತ್ತರ: ನೀವು ಐವರೂ ಕಾಲದ ಬಗ್ಗೆ ಚರ್ಚಿಸುತ್ತಿದ್ದೀರಿ, ಇನ್ನೂರು ವರ್ಷ ಹಿಂದಕ್ಕೋ ಹತ್ತು ವರ್ಷ ಮುಂದಕ್ಕೋ ಎಂದು. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಹೊಸ ಆಟದ ಕೊನೆಯ ಒಂದು ಗಂಟೆಯಲ್ಲಿ, ಅಲ್ಲಿಯವರೆಗೂ ತೀರ್ಮಾನವಾಗದೆ ಆಟಗಾರರ ಕೈಯಲ್ಲೇ ಉಳಿದಿರುವ ಸಂಗತಿ ಯಾವುದು? ಸಿನಿಮಾ ನೋಡುವವರು ಈ ಪ್ರಶ್ನೆಯನ್ನು ಕೇಳುವುದಿಲ್ಲ, ಏಕೆಂದರೆ ಅವರು ಯಾವುದನ್ನೂ ನಿರ್ಧರಿಸಬೇಕಾಗಿಲ್ಲ. ರೋಲ್ ಪ್ಲೇಯಿಂಗ್ ಆಟಕ್ಕೆ ಬರುವವರಾದರೋ ತೀರ್ಮಾನ ಮಾಡುವುದಕ್ಕೆಂದೇ ಬರುತ್ತಾರೆ. ಕತ್ತಿ, ಮಂತ್ರ, ಲೆವೆಲ್ ಎಲ್ಲವೂ ಆ ತೀರ್ಮಾನಕ್ಕೆ ತೂಕ ಕೊಡುವ ಸಾಮಗ್ರಿ. ಆದ್ದರಿಂದ ಈಚೆಗೆ ಕನ್ನಡ ಚಿತ್ರರಂಗದಲ್ಲೇ ಪೂರ್ವಕಥೆಯೊಂದು ಗೆದ್ದಿತೆಂಬ ಧೈರ್ಯದಿಂದ ನೀವೂ ಹಿಂದಕ್ಕೆ ಹೋಗುವುದಾದರೆ, ಆ ಧೈರ್ಯ ಅರ್ಧದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ.

ಮೂವರು ಉತ್ತರಕಥೆಯ ಪರ ಇರುವುದರಿಂದ ಅದರ ಲೆಕ್ಕವನ್ನು ಮೊದಲು ನೋಡೋಣ. ನಿಮ್ಮ ಮೂರು ಮುಕ್ತಾಯಗಳು ಮಾತಿನಲ್ಲಿ ಮುಗಿಯುವಂಥವಲ್ಲ. ಅವು ನೆಲವನ್ನೇ ಬದಲಾಯಿಸುತ್ತವೆ. ತೂಬು ತೆರೆದ ಆಟಗಾರರ ಬಯಲು ಹತ್ತು ವರ್ಷಗಳಲ್ಲಿ ಗದ್ದೆಯಾಗಿರಬೇಕು, ಮುಚ್ಚಿಟ್ಟವರ ಬಯಲು ಇನ್ನಷ್ಟು ಬಿರಿದಿರಬೇಕು, ಏರಿ ಒಡೆದವರ ಬಯಲಿನಲ್ಲಿ ಕೊಚ್ಚಿಹೋದ ಊರುಗಳ ಅವಶೇಷವೂ ಮೇಲೆ ಬರಿದಾದ ಕೆರೆಯಂಗಳವೂ ಕಾಣಬೇಕು. ಅಂದರೆ ಒಂದೇ ಆಟಕ್ಕೆ ಮೂರು ಭೂಪಟ, ಪ್ರತಿ ಊರಿಗೆ ಮೂರು ರೂಪ, ಪ್ರತಿ ಪಾತ್ರಕ್ಕೆ ಮೂರು ಬಗೆಯ ಮಾತು. ಐದು ಜನರ ತಂಡ ಇದನ್ನು ಮಾಡಲಾರದೆಂದು ನಾನು ಹೇಳುವುದಿಲ್ಲ. ಆದರೆ ಮಾಡಿದರೆ, ಪ್ರತಿಯೊಬ್ಬ ಆಟಗಾರರೂ ನಿಮ್ಮ ದುಡಿಮೆಯ ಮೂರನೆಯ ಒಂದು ಪಾಲನ್ನು ಮಾತ್ರ ನೋಡುತ್ತಾರೆ.

ದೊಡ್ಡ ಸಂಸ್ಥೆಗಳೂ ಈ ಹೊರೆಯ ಮುಂದೆ ಬಗ್ಗಿವೆ. ಬಯೋವೇರ್ ಸಂಸ್ಥೆ 2014ರಲ್ಲಿ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಬಿಡುಗಡೆಯಾಗುವ ಹೊತ್ತಿಗೆ, ಹಿಂದಿನ ಆಟಗಳಲ್ಲಿ ಆಟಗಾರರು ಕೈಗೊಂಡ ನಿರ್ಧಾರಗಳನ್ನು ಒಂದೊಂದಾಗಿ ದಾಖಲಿಸಿ ಹೊಸ ಆಟಕ್ಕೆ ಒಯ್ಯುವುದಕ್ಕೆಂದೇ ‘ಡ್ರ್ಯಾಗನ್ ಏಜ್ ಕೀಪ್’ ಎಂಬ ಪ್ರತ್ಯೇಕ ಜಾಲತಾಣವನ್ನು ಕಟ್ಟಿತು. ಹತ್ತು ವರ್ಷಗಳ ಬಳಿಕ, 2024ರಲ್ಲಿ ಬಂದ ಅದೇ ಸರಣಿಯ ‘ದ ವೇಲ್‌ಗಾರ್ಡ್’ ಹಿಂದಿನ ಆಟದಿಂದ ಕೇಳಿದ್ದು ಮೂರೇ ಪ್ರಶ್ನೆಗಳನ್ನು. ನೂರಾರು ಗಂಟೆ ಆಡಿ ತಮ್ಮದೇ ಆದ ಲೋಕವೊಂದನ್ನು ರೂಪಿಸಿಕೊಂಡಿದ್ದವರಿಗೆ ಅದು ನೋವಿನ ಸಂಗತಿಯಾಯಿತು, ಆ ನೋವು ನ್ಯಾಯವಾದದ್ದೇ. ಇನ್ನೊಂದು ಉದಾಹರಣೆ ಪೋಲೆಂಡಿನ ‘ದ ವಿಚರ್’ ಸರಣಿಯದು. 2011ರ ಎರಡನೆಯ ಆಟದಲ್ಲಿ ಆಟಗಾರರು ರೋಷ್ ಮತ್ತು ಯೊರ್ವೆತ್ ಎಂಬಿಬ್ಬರಲ್ಲಿ ಒಬ್ಬರ ಪಕ್ಷ ಹಿಡಿಯಬೇಕು, ಹಿಡಿದ ಪಕ್ಷಕ್ಕೆ ತಕ್ಕಂತೆ ಎರಡನೆಯ ಅಂಕ ಪೂರ್ತಿ ಬೇರೆ ನೆಲೆಯಿಂದ, ಬೇರೆ ಜನರ ನಡುವೆ ನಡೆಯುತ್ತದೆ. 2015ರ ಮೂರನೆಯ ಆಟದಲ್ಲಿ ರೋಷ್ ಇದ್ದಾನೆ. ಯೊರ್ವೆತ್ ಕಾಣಿಸಿಕೊಳ್ಳುವುದೇ ಇಲ್ಲ. ಆತನ ಜೊತೆ ನಿಂತವರ ಆಯ್ಕೆ ತಪ್ಪೆಂದು ಯಾರೂ ಹೇಳಲಿಲ್ಲ, ಆದರೆ ಆ ಆಯ್ಕೆಗೆ ಮುಂದೆ ನಿಲ್ಲಲು ಜಾಗವೇ ಇರಲಿಲ್ಲ.

ಹೊರೆಯಿಂದ ಪಾರಾಗಲು ಹಾದಿಗಳಿಲ್ಲದಿಲ್ಲ. ಬೆಥೆಸ್ಡಾ ಸಂಸ್ಥೆಯ ‘ಡ್ಯಾಗರ್‌ಫಾಲ್’ 1996ರಲ್ಲಿ ಬಂದಾಗ ಅದಕ್ಕೆ ಒಂದಕ್ಕೊಂದು ಹೊಂದದ ಹಲವು ಮುಕ್ತಾಯಗಳಿದ್ದವು. ಕಾಲವೇ ಮುರಿದು ಅವೆಲ್ಲವೂ ಒಟ್ಟಿಗೆ ನಡೆದುಹೋದವೆಂದು ಅದೇ ಸರಣಿಯ ಮುಂದಿನ ಆಟಗಳ ಒಳಗಿನ ಗ್ರಂಥಗಳು ಹೇಳಿದವು. ಇದು ಬಹಳ ಸೊಗಸಾದ ಉಪಾಯ, ಆದರೆ ದೇವತೆಗಳೂ ಕಾಲವೂ ಹಾಗೆ ವರ್ತಿಸಬಲ್ಲ ಲೋಕವನ್ನು ಮೊದಲೇ ಕಟ್ಟಿದವರಿಗೆ ಮಾತ್ರ ಸಲ್ಲುತ್ತದೆ. ನಿಮ್ಮದು ಕೆರೆ, ಏರಿ, ತೂಬು, ಗದ್ದೆಗಳ ಲೋಕ. ಅಲ್ಲಿ ಏರಿ ಒಡೆದೂ ಇದೆ, ಒಡೆಯದೆಯೂ ಇದೆ ಎಂದರೆ ನಂಬುವವರಿಲ್ಲ. ಬಹಳ ದೂರಕ್ಕೆ ಜಿಗಿಯುವುದು ಇನ್ನೊಂದು ಹಾದಿ. ‘ಡ್ಯಾಗರ್‌ಫಾಲ್’ ಸರಣಿಯದೇ ಆದ 2011ರ ‘ಸ್ಕೈರಿಮ್’ ತನ್ನ ಹಿಂದಿನ ಆಟದ ಘಟನೆಗಳಿಗಿಂತ ಇನ್ನೂರು ವರ್ಷ ಈಚಿನದು, ಮತ್ತು ಬೇರೊಂದು ಪ್ರಾಂತದಲ್ಲಿ ನಡೆಯುವಂಥದು. 2000ದಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 2’ರ ಬಳಿಕ 2023ರಲ್ಲಿ ಬಂದ ಮೂರನೆಯ ಆಟವೂ ಕಥೆಯ ಕಾಲದಲ್ಲಿ ನೂರು ವರ್ಷಕ್ಕಿಂತ ಹೆಚ್ಚು ದಾಟಿ ಹೊಸ ಜನರೊಂದಿಗೆ ಶುರುವಾಗುತ್ತದೆ. ದೂರ ಹೋದಷ್ಟೂ ಹಳೆಯ ನಿರ್ಧಾರಗಳು ದಂತಕಥೆಯಾಗುತ್ತವೆ, ದಂತಕಥೆಗೆ ನಾಲ್ಕು ರೂಪವಿದ್ದರೂ ಯಾರಿಗೂ ತೊಂದರೆಯಿಲ್ಲ. ನಿಮ್ಮ ಮೂವರು ಕೇಳುತ್ತಿರುವುದಾದರೋ ಹತ್ತೇ ವರ್ಷದ ಅಂತರ. ಹತ್ತು ವರ್ಷದಲ್ಲಿ ಏನೂ ದಂತಕಥೆಯಾಗುವುದಿಲ್ಲ. ಏರಿ ಒಡೆದ ರಾತ್ರಿ ಮಗುವನ್ನು ಕಳೆದುಕೊಂಡ ತಾಯಿ ಆ ಊರಿನಲ್ಲೇ ಇರುತ್ತಾಳೆ.

ಉತ್ತರಕಥೆಗೆ ಶಕ್ತಿಯ ತೊಡಕೂ ಇದೆ, ಅದನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ಆಟದ ಕೊನೆಗೆ ನಾಯಕ ಮಂತ್ರವಿದ್ಯೆಯಲ್ಲಿ ಪಾರಂಗತನಾಗಿರುತ್ತಾನೆ. ಎರಡನೆಯದರ ಮೊದಲಲ್ಲಿ ಅವನು ಇಲಿಗೆ ಹೆದರುವಂತಾದರೆ ಆಟಗಾರರಿಗೆ ಅವಮಾನವಾಗುತ್ತದೆ. ‘ಬಾಲ್ಡರ್ಸ್ ಗೇಟ್’ನ ಮೊದಲೆರಡು ಆಟಗಳು ಇದನ್ನು ಪ್ರಾಮಾಣಿಕವಾಗಿ ನಿಭಾಯಿಸಿದವು. ಮೊದಲ ಆಟದಲ್ಲಿ ನಾಯಕನ ಬಲವನ್ನು ಹೆಚ್ಚಿಸುವ ಅನುಭವದ ಅಂಕಗಳಿಗೆ 89,000ದ ಮಿತಿಯಿತ್ತು, ಆಮೇಲೆ ಅದಕ್ಕೆ ಸೇರಿಸಿದ ಹೆಚ್ಚುವರಿ ಭಾಗವಾದ ವಿಸ್ತರಣೆಯಲ್ಲಿ ಅದು 1,61,000ಕ್ಕೆ ಏರಿತು, ಎರಡನೆಯ ಆಟದಲ್ಲಿ 29,50,000ಕ್ಕೆ, ಅದರ ವಿಸ್ತರಣೆಯಲ್ಲಿ 80,00,000ಕ್ಕೆ. ಮೊದಲ ಆಟದಲ್ಲಿ ಅಷ್ಟು ಕೆಳಗೆ ಮಿತಿ ಹಾಕಿದ್ದರಿಂದಲೇ ಅದೇ ನಾಯಕನನ್ನು ಅವನ ವಿದ್ಯೆಯ ಸಮೇತ ಮುಂದಕ್ಕೆ ಕರೆದೊಯ್ಯುವುದು ಸಾಧ್ಯವಾಯಿತು. ನೀವು ಮೊದಲ ಆಟದಲ್ಲೇ ಕಟ್ಟಕಡೆಯ ಮಂತ್ರವನ್ನೂ ಕೊಟ್ಟುಬಿಟ್ಟಿದ್ದರೆ, ಅದೇ ನಾಯಕನನ್ನು ಮುಂದುವರಿಸುವ ಆಸೆಯನ್ನು ಬಿಡಬೇಕಾಗುತ್ತದೆ.

ಇನ್ನು ಪೂರ್ವಕಥೆ. ಅದರ ಮೇಲಿರುವ ದೊಡ್ಡ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಕೊನೆ ತಿಳಿದಿದೆ, ರಾಣಿ ತೂಬನ್ನು ಮುಚ್ಚಿಯೇ ಮುಚ್ಚುತ್ತಾಳೆ, ಹಾಗಾದರೆ ಆಡುವುದೇಕೆ? ಈ ಆಕ್ಷೇಪವನ್ನು ಎದುರಿಸುವಾಗ ನನಗೆ ಕರಾವಳಿ, ಮಲೆನಾಡುಗಳ ತಾಳಮದ್ದಳೆ, ಎಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೆನಪಾಗುತ್ತದೆ. ‘ಕೃಷ್ಣ ಸಂಧಾನ’ ಪ್ರಸಂಗದಲ್ಲಿ ಸಂಧಾನ ಮುರಿಯುತ್ತದೆಂದು ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತು, ಪಾತ್ರಗಳ ಮಾತನ್ನಾಡುವ ಅರ್ಥಧಾರಿಗಳಿಗಂತೂ ಗೊತ್ತೇ ಇದೆ. ಭಾಗವತರ ಪದ್ಯ ಆ ದಾರಿಯನ್ನು ಬಿಟ್ಟು ಹೋಗುವುದಿಲ್ಲ. ಆದರೂ ಕೌರವನ ಅರ್ಥ ಹೇಳುವವರು ಪ್ರತಿ ಸಲ ಹೊಸದಾಗಿ ವಾದಿಸುತ್ತಾರೆ, ಕೃಷ್ಣನ ಅರ್ಥ ಹೇಳುವವರು ಹೊಸದಾಗಿ ಉತ್ತರ ಕೊಡುತ್ತಾರೆ, ಆ ರಾತ್ರಿಯ ಮಟ್ಟಿಗೆ ಕೌರವ ಹಟಮಾರಿಯೋ, ಅಭಿಮಾನಿಯೋ, ಮೋಸಹೋದವನೋ ಎಂಬುದನ್ನು ಆ ಮಾತುಗಳೇ ನಿರ್ಧರಿಸುತ್ತವೆ. ಘಟನೆ ಪ್ರಸಂಗಕರ್ತನದು, ಅದರ ಅರ್ಥ ಅರ್ಥಧಾರಿಯದು. ಪೂರ್ವಕಥೆಯನ್ನು ಆಡುವವರ ಸ್ಥಾನ ಸರಿಯಾಗಿ ಇದೇ, ಮತ್ತು ಅದು ಕಡಿಮೆ ಸ್ವಾತಂತ್ರ್ಯದ ಸ್ಥಾನವೆಂದು ನಾನು ಒಪ್ಪುವುದಿಲ್ಲ. ನೀವು ಮಾಡಬೇಕಾದ ಕೆಲಸವೆಂದರೆ, ಘಟನೆ ಬಿಗಿಯಾಗಿರುವಲ್ಲಿ ಅರ್ಥವನ್ನು ಸಡಿಲವಾಗಿ ಬಿಡುವುದು.

ಜಪಾನಿನ ‘ಫೈರ್ ಎಂಬ್ಲೆಮ್’ ಸರಣಿಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. 2002ರಲ್ಲಿ ಬಂದ ಆಟದ ನಾಯಕ ರಾಯ್ ಎಂಬ ಯುವಕ. ಮರುವರ್ಷ ಅವನ ತಂದೆ ಎಲಿವುಡ್‌ನ ಯೌವನದ ಕಥೆ ಪೂರ್ವಕಥೆಯಾಗಿ ಬಂತು. ಎಲಿವುಡ್ ಬದುಕುಳಿಯುತ್ತಾನೆ, ಅವನಿಗೆ ರಾಯ್ ಎಂಬ ಮಗ ಹುಟ್ಟುತ್ತಾನೆ ಎಂಬುದು ಮೊದಲೇ ಕಲ್ಲಿನಲ್ಲಿ ಕೊರೆದ ಸತ್ಯ. ಆದರೆ ರಾಯ್‌ನ ತಾಯಿ ಯಾರೆಂಬುದನ್ನು ಮೊದಲ ಆಟ ಹೇಳಿರಲಿಲ್ಲ. ಆದ್ದರಿಂದ ಎಲಿವುಡ್ ನಿನಿಯನ್‌ಳನ್ನು ಮದುವೆಯಾಗುತ್ತಾನೋ, ಲಿನ್‌ಳನ್ನೋ, ಫಿಯೋರಾಳನ್ನೋ ಎಂಬುದು ಆಟಗಾರರು ಯುದ್ಧಭೂಮಿಯಲ್ಲಿ ಯಾರನ್ನು ಯಾರ ಪಕ್ಕದಲ್ಲಿ ನಿಲ್ಲಿಸಿದರು ಎಂಬುದರ ಮೇಲೆ ನಿಂತಿತು. ಮೊದಲ ಆಟ ಬಾಯಿಬಿಡದೆ ಉಳಿಸಿದ ಒಂದೇ ಒಂದು ಜಾಗದಲ್ಲಿ ಎರಡನೆಯ ಆಟ ತನ್ನ ಬೀಜ ಬಿತ್ತಿತು. ಇನ್ನೊಂದು ಮಾತು: ಆ ಪೂರ್ವಕಥೆಯೇ ಜಪಾನಿನ ಹೊರಗೆ ಬಿಡುಗಡೆಯಾದ ಆ ಸರಣಿಯ ಮೊದಲ ಆಟ. ಹಿಂದಿನದನ್ನು ಆಡಿರದ ಅಮೆರಿಕ, ಯುರೋಪುಗಳ ಆಟಗಾರರಿಗೆ ಅದೇ ಬಾಗಿಲಾಯಿತು. ನಿಮ್ಮ ಮೊದಲ ಆಟವನ್ನು ಆಡಿದವರಿಗಿಂತ ಆಡದವರೇ ಬಹಳ ಹೆಚ್ಚು ಇದ್ದಾರೆಂಬುದನ್ನು ಮರೆಯಬೇಡಿ. ಅವರಿಗೆ ಪೂರ್ವಕಥೆ ಏನನ್ನೂ ಮೊದಲೇ ತಿಳಿದಿರಬೇಕೆಂದು ಕೇಳುವುದಿಲ್ಲ.

ನಿಶ್ಚಿತವಾದ ಕೊನೆಯನ್ನು ಕಥೆಯಲ್ಲಿ ಹೇಳಿದರೆ ಸಾಲದು, ಆಟದ ಕೈಕೆಲಸದಲ್ಲೇ ಅನುಭವಕ್ಕೆ ತರಬೇಕು. 2007ರ ‘ಕ್ರೈಸಿಸ್ ಕೋರ್’ 1997ರ ‘ಫೈನಲ್ ಫ್ಯಾಂಟಸಿ 7’ಕ್ಕೆ ಪೂರ್ವಕಥೆ; ಅದರ ನಾಯಕ ಜ್ಯಾಕ್ ಸಾಯುತ್ತಾನೆಂಬುದು ಹಳೆಯ ಆಟಗಾರರಿಗೆ ಹತ್ತು ವರ್ಷಗಳಿಂದ ಗೊತ್ತಿತ್ತು. ಆಟದುದ್ದಕ್ಕೂ ಪರದೆಯ ಮೂಲೆಯಲ್ಲಿ ತಿರುಗುತ್ತ, ಜ್ಯಾಕ್ ಬಲ್ಲವರ ಮುಖಗಳನ್ನು ತೋರಿಸಿ ಅವನಿಗೆ ಬಲ ಕೊಡುತ್ತಿದ್ದ ಚಕ್ರಗಳು, ಕೊನೆಯ ಕಾಳಗದಲ್ಲಿ ಅದೇ ಮುಖಗಳ ಮೇಲೆ ತಡವರಿಸುತ್ತ ಒಂದೊಂದಾಗಿ ಕೈಕೊಡುತ್ತವೆ. ಆಟಗಾರರು ಗುಂಡಿ ಒತ್ತುತ್ತಲೇ ಇರುತ್ತಾರೆ, ಸೈನಿಕರು ಬರುತ್ತಲೇ ಇರುತ್ತಾರೆ. ಫಲಿತಾಂಶವನ್ನು ಬದಲಿಸಲಾಗದು ಎಂಬುದನ್ನು ಬೆರಳುಗಳೇ ಅರಿಯುವ ಆ ಕೆಲವು ನಿಮಿಷಗಳು ಸಿನಿಮಾದಿಂದ ಆಗದ ಕೆಲಸವನ್ನು ಮಾಡುತ್ತವೆ. ನಿಮ್ಮ ತೂಬು ಮುಚ್ಚುವ ಗಳಿಗೆಯನ್ನು ವಿಡಿಯೋ ದೃಶ್ಯವಾಗಿ ತೋರಿಸಬೇಕೆಂದು ಯಾರಾದರೂ ಸಲಹೆ ಕೊಟ್ಟರೆ, ಅವರಿಗೆ ಈ ಆಟವನ್ನು ಕೊನೆಯವರೆಗೆ ಆಡಲು ಹೇಳಿ.

ಪೂರ್ವಕಥೆಯ ನಿಜವಾದ ಅಪಾಯ ನನ್ನ ದೃಷ್ಟಿಯಲ್ಲಿ ಬೇರೆಯೇ ಇದೆ: ಅದು ಎಲ್ಲವನ್ನೂ ವಿವರಿಸಿಬಿಡುತ್ತದೆ. 2002ರ ‘ಮೊರೊವಿಂಡ್’ ಆಟದಲ್ಲಿ ಕೆಂಪು ಬೆಟ್ಟದ ಪುರಾತನ ಯುದ್ಧದ ಬಗ್ಗೆ, ಅಲ್ಲಿ ನೆರೆವಾರ್ ಎಂಬ ವೀರ ಹೇಗೆ ಸತ್ತನೆಂಬುದರ ಬಗ್ಗೆ ಒಂದಕ್ಕೊಂದು ಹೊಂದದ ವೃತ್ತಾಂತಗಳು ಸಿಗುತ್ತವೆ. ದೇವಾಲಯದವರು ಹೇಳುವುದೊಂದು, ಅಲೆಮಾರಿ ಬುಡಕಟ್ಟಿನವರು ಹೇಳುವುದೊಂದು, ಆ ಕಾಲದಲ್ಲೇ ಇದ್ದವರೆಂದು ಹೇಳಿಕೊಳ್ಳುವವರ ಮಾತುಗಳಿಗೂ ತಾಳೆಯಿಲ್ಲ. ಆಟ ಇದನ್ನು ಕೊನೆಗೂ ಬಗೆಹರಿಸುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಜನ ಅದರ ಬಗ್ಗೆ ವಾದಿಸುತ್ತಿದ್ದಾರೆ. ಆ ಯುದ್ಧದ ದಿನವನ್ನೇ ಯಾರಾದರೂ ಆಟವಾಗಿಸಿ, ನಡೆದದ್ದು ಇಷ್ಟೇ ಎಂದು ತೋರಿಸಿದ್ದರೆ, ಆ ವಾದ ಒಂದೇ ಸಂಜೆಗೆ ಮುಗಿಯುತ್ತಿತ್ತು. ನಿಮ್ಮ ರಾಣಿಯ ಬಗ್ಗೆ ಪತ್ರಗಳು ಬರುತ್ತಿರುವುದು ಅವಳ ಮನಸ್ಸು ಗೊತ್ತಿಲ್ಲದಿರುವುದರಿಂದ. ಆಟಗಾರರನ್ನೇ ರಾಣಿಯಾಗಿಸಿದ ಮರುಕ್ಷಣ ಆ ಮನಸ್ಸು ತೆರೆದ ಪುಸ್ತಕವಾಗುತ್ತದೆ. ಅವರು ಕೇಳುತ್ತಿರುವುದನ್ನೇ ಕೊಟ್ಟು, ಅವರು ಪ್ರೀತಿಸುತ್ತಿರುವುದನ್ನು ಕಸಿದುಕೊಂಡಂತಾಗುತ್ತದೆ.

ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ. ಪೂರ್ವಕಥೆಯನ್ನು ಮಾಡಿ, ಆದರೆ ರಾಣಿಯ ಪಾತ್ರವನ್ನು ಆಟಗಾರರ ಕೈಗೆ ಕೊಡಬೇಡಿ. ಆ ಕೆರೆಗೆ ಒಬ್ಬ ನೀರುಗಂಟಿ ಇದ್ದಿರಲೇಬೇಕು. ತೂಬನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುತ್ತಿದ್ದ, ಅರಮನೆಯವರಿಗೂ ಬಯಲಿನವರಿಗೂ ಸಮಾನವಾಗಿ ಪರಿಚಿತನಾದ ವ್ಯಕ್ತಿ. ನಿಮ್ಮ ಪತ್ರವನ್ನು ಓದಿದ ಮೇಲೆ ಮೊದಲ ಆಟವನ್ನು ನಾನು ಇನ್ನೊಮ್ಮೆ ಆಡಿದೆ. ಅದರಲ್ಲಿ ನೀರುಗಂಟಿಯ ಬಗ್ಗೆ ಒಂದು ಮಾತೂ ಇಲ್ಲ. ಹೆಸರಿಲ್ಲ, ಊರಿಲ್ಲ, ಗತಿ ಏನಾಯಿತೆಂಬುದಿಲ್ಲ. ಅವನೋ ಅವಳೋ ಎಂಬುದೂ ಇಲ್ಲ. ಇದು ನಿಮಗೆ ಸಿಕ್ಕಿರುವ ಅಪರೂಪದ ಜಾಗ. ನೀರುಗಂಟಿ ಬದುಕಬಹುದು, ಸಾಯಬಹುದು, ರಾಣಿಗೆ ನಿಷ್ಠರಾಗಿರಬಹುದು, ಬಯಲಿನವರನ್ನು ಮೊದಲೇ ಎಚ್ಚರಿಸಿ ಗುಳೆ ಹೊರಡಿಸಬಹುದು. ತೂಬು ಮುಚ್ಚುವುದು ಖಚಿತ. ಅದಕ್ಕೆ ಮೊದಲು ಯಾವ ಊರಿಗೆ ಕೊನೆಯ ನೀರು ಹೋಯಿತು, ಯಾರಿಗೆ ಸುದ್ದಿ ಮುಟ್ಟಿತು, ಯಾರು ಬೀಜದ ಭತ್ತವನ್ನು ಉಳಿಸಿಕೊಂಡರು ಎಂಬುದೆಲ್ಲ ತೆರೆದೇ ಇದೆ.

ರಾಣಿಯ ಕಾರಣದ ವಿಷಯದಲ್ಲಿ ನಿಮ್ಮ ಮೂರು ವದಂತಿಗಳೇ ನಿಮ್ಮನ್ನು ಕಾಪಾಡುತ್ತವೆ. ಶತ್ರುಸೈನ್ಯ, ರೋಗ, ಹಗೆ, ಈ ಮೂರಕ್ಕೂ ಆ ಕಾಲದಲ್ಲಿ ಆಧಾರಗಳಿದ್ದವೆಂದು ಇಟ್ಟುಕೊಳ್ಳಿ. ಗಡಿಯಿಂದ ಓಲೆಗಳು ಬರುತ್ತಿವೆ, ಕೆಳಗಿನ ಒಂದೆರಡು ಊರುಗಳಲ್ಲಿ ಜನ ಮಲಗಿದ್ದಾರೆ, ಅರಮನೆಯಲ್ಲಿ ಹಳೆಯ ಅವಮಾನವೊಂದನ್ನು ಯಾರೂ ಮರೆತಿಲ್ಲ. ನೀರುಗಂಟಿ ಯಾವ ಜಾಡನ್ನು ಹಿಡಿದು ಹೋದರೋ ಅದಕ್ಕೆ ತಕ್ಕ ರಾಣಿ ಅವರಿಗೆ ಕಾಣುತ್ತಾಳೆ. ಅವಳ ಬಾಯಿಂದ ಮಾತ್ರ ಕಾರಣ ಬರಕೂಡದು. ಹೀಗಾದರೆ ಪ್ರತಿ ಆಟಗಾರರೂ ತಮ್ಮದೇ ಸಾಕ್ಷ್ಯದೊಂದಿಗೆ ಹೊರಬರುತ್ತಾರೆ, ಮೊದಲ ಆಟದಲ್ಲಿ ಜನ ಮೂರು ಬಗೆಯಾಗಿ ಮಾತನಾಡುವುದಕ್ಕೂ ತಕ್ಕ ಹಿನ್ನೆಲೆ ಸಿಕ್ಕುತ್ತದೆ. ಈ ಬಾರಿ ಎಷ್ಟು ಮುಕ್ತಾಯಗಳಿದ್ದರೂ ಅವು ಮುಂದಿನ ಆಟದ ಮೇಲೆ ಹೊರೆಯಾಗುವುದಿಲ್ಲ, ಏಕೆಂದರೆ ಎಲ್ಲ ಹೊಳೆಗಳೂ ಮುಚ್ಚಿದ ಆ ತೂಬಿನ ಬಳಿಗೇ ಬಂದು ಸೇರುತ್ತವೆ.

ಭೂಪಟವನ್ನೂ ಹೊಸದಾಗಿ ಕಟ್ಟಬೇಕಾಗಿಲ್ಲ, ಕಟ್ಟಲೂ ಬಾರದು. 1988ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್ 3’ ಇದಕ್ಕೆ ದಾರಿ ತೋರಿಸಿದೆ. 1986ರ ಮೊದಲ ಆಟದಲ್ಲಿ ನಾಯಕನು ರೋಟೊ ಎಂಬ ಪ್ರಾಚೀನ ವೀರನ ವಂಶಸ್ಥ; 1987ರ ಎರಡನೆಯದು ಅದಕ್ಕಿಂತ ನೂರು ವರ್ಷ ಈಚಿನ ಕಥೆ. ಮೂರನೆಯದು ಬೇರೊಂದು ಲೋಕದಲ್ಲಿ, ಬೇರೊಂದು ಊರಿನಲ್ಲಿ ಶುರುವಾಗುತ್ತದೆ. ಕೊನೆಯೆಂದು ತೋರಿದ ಶತ್ರುವನ್ನು ಸೋಲಿಸಿದ ಮೇಲೆ ನೆಲ ಬಾಯ್ದೆರೆದು ಕೆಳಗಿನ ಲೋಕವೊಂದು ಕಾಣಿಸುತ್ತದೆ. ಅದು ಮೊದಲ ಆಟದ ಆಲೆಫ್‌ಗಾರ್ಡ್, ಆಟಗಾರರು ಎರಡು ವರ್ಷಗಳ ಹಿಂದೆ ಹೆಜ್ಜೆಹೆಜ್ಜೆಯಾಗಿ ಅಲೆದಾಡಿದ ಅದೇ ನಾಡು. ಆಟ ಮುಗಿದಾಗ ರಾಜನು ನಾಯಕನಿಗೆ ರೋಟೊ ಎಂಬ ಬಿರುದು ಕೊಡುತ್ತಾನೆ. ತಾವು ಆಡಿದ್ದು ಪೂರ್ವಕಥೆಯೆಂದು, ದಂತಕಥೆಯ ಆ ವೀರ ತಾವೇ ಎಂದು ಆಟಗಾರರಿಗೆ ಆಗ ಖಚಿತವಾಗುತ್ತದೆ. ಸ್ಕ್ವೇರ್ ಎನಿಕ್ಸ್ ಸಂಸ್ಥೆ ಈ ಮೂರನ್ನೂ ಈಚೆಗೆ ಹೊಸ ರೂಪದಲ್ಲಿ ತಂದಾಗ ಮೂರನೆಯದನ್ನು 2024ರಲ್ಲಿ ಮೊದಲು ಬಿಟ್ಟು, ಒಂದು ಎರಡನ್ನು 2025ರಲ್ಲಿ ಬಿಟ್ಟಿತು. ಹೊಸಬರಿಗೆ ಅದು ಈಗ ಸರಳವಾದ ಮೊದಲ ಕಥೆ, 1988ರವರಿಗೆ ಅದು ತಿರುವು. ನಿಮ್ಮ ಒಣ ಬಯಲಿನ ಭೂಪಟವನ್ನೇ ತೆಗೆದುಕೊಂಡು ಅದರ ಮೇಲೆ ಗದ್ದೆ, ಕಾಲುವೆ, ಬೆಳ್ಳಕ್ಕಿಗಳನ್ನು ತುಂಬಿ. ಮೊದಲ ಆಟದಲ್ಲಿ ಬಿರಿದ ನೆಲದ ನಡುವೆ ಒಂಟಿಯಾಗಿ ನಿಂತಿದ್ದ ಕಲ್ಲುಕಂಬ, ಇಲ್ಲಿ ಎದೆಮಟ್ಟದ ಭತ್ತದ ನಡುವೆ ಕಂಡಾಗ ಹಳೆಯ ಆಟಗಾರರಿಗೆ ಏನಾಗಬಹುದೆಂದು ನಾನು ಹೇಳಬೇಕಾಗಿಲ್ಲ.

ಕೆಲಸ ಶುರುಮಾಡುವ ಮೊದಲು ಒಂದು ಶ್ರಮದಾಯಕ ಕಾರ್ಯವಿದೆ, ಅದನ್ನು ತಪ್ಪಿಸಬೇಡಿ. ಮೊದಲ ಆಟದ ಪ್ರತಿಯೊಂದು ಸಂಭಾಷಣೆ, ವಸ್ತುವಿನ ವಿವರಣೆ, ಶಾಸನ, ಪುಸ್ತಕಗಳನ್ನು ಓದಿ, ರಾಣಿಯ ಕಾಲದ ಬಗ್ಗೆ ಹೇಳಿರುವುದನ್ನೆಲ್ಲ ಒಂದು ಕಡತದಲ್ಲಿ ಬರೆಯಿರಿ, ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಹೇಳಿದವರು ಯಾರೆಂದು ಗುರುತಿಸಿ. ಆಟವೇ ನಿರೂಪಕನಾಗಿ ಹೇಳಿದ್ದು ಶಾಸನಕ್ಕೆ ಸಮ, ಅದನ್ನು ಮುರಿಯುವ ಹಾಗಿಲ್ಲ. ಪಾತ್ರವೊಂದು ಹೇಳಿದ್ದು ಆ ಪಾತ್ರದ ನಂಬಿಕೆ ಮಾತ್ರ, ಅದು ತಪ್ಪಾಗಿರಬಹುದು. ಈ ವ್ಯತ್ಯಾಸವನ್ನು ಗುರುತಿಸದ ತಂಡಗಳು ಅನಗತ್ಯವಾಗಿ ತಮ್ಮ ಕೈಗಳನ್ನು ತಾವೇ ಕಟ್ಟಿಕೊಳ್ಳುವುದನ್ನು ನಾನು ನೋಡಿದ್ದೇನೆ. ಅದಾದ ಮೇಲೆ ನೀರುಗಂಟಿಯ ಕಥೆಯಿಂದ ಒಂದು ಕ್ವೆಸ್ಟ್ (ಆಟದೊಳಗೆ ಆಟಗಾರರು ಪೂರೈಸಬೇಕಾದ ಒಂದು ಕಾರ್ಯ), ನಿಮ್ಮ ಮೂವರು ಬಯಸುವ ಉತ್ತರಕಥೆಯಿಂದ ಒಂದು ಕ್ವೆಸ್ಟ್, ಎರಡನ್ನೂ ಕಾಗದ ಮತ್ತು ದಾಳಗಳಿಂದಲೇ ಮೇಜಿನ ಸುತ್ತ ಆಡಿಸಿ ನೋಡಿ. ಆಡುವವರಲ್ಲಿ ಅರ್ಧ ಜನ ಮೊದಲ ಆಟವನ್ನು ಮುಟ್ಟಿರದವರಾಗಿರಲಿ. ಯಾವುದರಲ್ಲಿ ಅವರು ತೀರ್ಮಾನಕ್ಕೆ ಮುನ್ನ ಪರಸ್ಪರ ವಾದಿಸುತ್ತಾರೋ ಗಮನಿಸಿ. ನನ್ನ ಸಲಹೆಗಿಂತ ಆ ವಾದಕ್ಕೆ ಹೆಚ್ಚು ಬೆಲೆ ಕೊಡಿ.

ಉತ್ತರಕಥೆಯ ಪರವಾಗಿರುವ ಮೂವರ ಆಸೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಅವರಿಗೆ ಬೇಕಾದದ್ದು ನೀರು ಬಂದ ಮೇಲಿನ ಬದುಕನ್ನು ತೋರಿಸುವುದು ಎಂದು ನನಗೆ ಅನಿಸುತ್ತದೆ. ಆ ಬದುಕು ನೀರು ನಿಲ್ಲುವ ಮೊದಲಿನ ಬಯಲಿನಲ್ಲೂ ಇದೆ, ಅವರು ಅದನ್ನೇ ಬರೆಯಲಿ. ಮುಂದೆಂದಾದರೂ ಉತ್ತರಕಥೆ ಬಂದರೆ, ಮೂರೂ ಮುಕ್ತಾಯಗಳು ಅಜ್ಜಿಯರ ಕಥೆಗಳಾಗುವಷ್ಟು ದೂರದಲ್ಲಿ ಬರಲಿ.

ಕೊನೆಯದಾಗಿ ಒಂದು ಚಿಕ್ಕ ವಿಷಯ. ಮೊದಲ ಆಟದಲ್ಲಿ ತೂಬಿನ ಪಕ್ಕದಲ್ಲಿ ಅಕ್ಷರ ಸವೆದು ಓದಲಾಗದ ಒಂದು ಕಲ್ಲನ್ನು ಇಟ್ಟಿದ್ದೀರಿ. ಬಹುಶಃ ಅಲಂಕಾರಕ್ಕೆಂದೇ ಇಟ್ಟಿರಬಹುದು. ಹೊಸ ಆಟದ ಕೊನೆಯ ದೃಶ್ಯದಲ್ಲಿ ನೀರುಗಂಟಿಯ ಕೈಗೆ ಉಳಿ ಕೊಟ್ಟು, ಆ ಕಲ್ಲಿನ ಮೇಲೆ ಏನು ಕೊರೆಯಬೇಕೆಂಬುದನ್ನು ಆಟಗಾರರಿಗೇ ಬಿಡಿ. ಮೊದಲ ಆಟದ ಕಲ್ಲನ್ನು ಮಾತ್ರ ತಿದ್ದಲು ಹೋಗಬೇಡಿ, ಅದು ಸವೆದೇ ಇರಲಿ.